ಖಾನಾವಳ್ಯಾಗ ‘ಹಿಂಡಿ ಹಾಕ್ಲೇನ್ರಿ?’ ಅಂದ್ರ

ಮೈಸೂರು ಕಡಿಯವ್ರಿಗೆ ಹಿಂಡಿ ಅಂದ್ರ ಗಾಣದಾಗ ಎಣ್ಣಿ ತಗದ ಮ್ಯಾಲ ಉಳಿಯೋದು, ದನಕ್ಕ ಹಾಕೋದು. ವಿಜಯಪುರ, ಬಾಗಲಕೋಟಿ ಕಡೆ ಅದೂ ಹಿಂಡಿನ, ತಾಟಿನಾಗ ರೊಟ್ಟಿ ಬಾಜೂಕ ಬೀಳೋ ಚಟ್ನಿಪುಡಿನೂ ಹಿಂಡಿನ. ಅದಕ್ಕ ಬಡಸಾವ ಕೇಳಿದ್ರ ಗಾಬರಿ ಆಗಬ್ಯಾಡ್ರಿ, ಹಾಕಿಸ್ಕೊಳ್ರಿ.

ಗುರೆಳ್ಳ ಹಿಂಡಿ, ಅಗಸಿ ಹಿಂಡಿ, ಪುಠಾಣಿ (ಹುರಿಗಡಲಿ) ಹಿಂಡಿ ಅಂದ್ರ ಊಟದ್ದು. ಹತ್ತಿಕಾಳ ಹಿಂಡಿ ದನದ್ದು. ತೊಡಕಿರೋದು ಶೇಂಗಾ ಹಿಂಡಿದು, ಅದು ಎರಡೂ ಕಡೆ ಐತಿ. ಕಿರಾಣಿ ಅಂಗಡ್ಯಾಗ ಕೇಳಿದ್ರ ಚಟ್ನಿ ಕೊಡ್ತಾರ, ಎಣ್ಣಿ ಮಿಲ್ಲಿನಾಗ ಕೇಳಿದ್ರ ‘ಎಷ್ಟ್ ದನ ಅದಾವ್ರಿ?’ ಅಂತಾರ. ಗಡಿ ದಾಟಿ ಸೋಲಾಪುರಕ್ಕ ಹೋದ್ರ ಈ ಗೊಂದಲಿಲ್ಲ. ಮರಾಠಿಯೊಳಗ ದನದ್ದು ಪೇಂಡ, ಊಟದ್ದು ಚಟ್ನಿ.

ಮನ್ಯಾಗ ಮಾಡೋದಾದ್ರ ಕಾಲ ಕಿಲೋ ಶೇಂಗಾಕಾಳು ಸಣ್ಣ ಉರಿ ಮ್ಯಾಲ ಹುರೀರಿ. ಉರಿ ಜೋರಾದ್ರ ಸಿಪ್ಪಿ ಕರಗಾಗಿ ಒಳಗ ಹಸೀ ಉಳೀತದ. ಪೂರಾ ಆರಿದ ಮ್ಯಾಲ ತಿಕ್ಕಿ ಸಿಪ್ಪಿ ಕೇರಿ, ಒಂದು ಗಡ್ಡಿ ಬಳ್ಳೊಳ್ಳಿ, ಮೂರು ಚಮಚ ಖಾರಪುಡಿ, ಒಂದು ಚಮಚ ಜೀರಗಿ, ರುಚಿಗೆ ಉಪ್ಪು ಹಾಕಿ ಕುಟ್ರಿ. ಒಳ್ಳಿನಾಗ ಕುಟ್ಟಿದ್ದಕ್ಕ ಸಾಟಿ ಇಲ್ಲ. ಮಿಕ್ಸರ್ ಇದ್ರ ತಡದು ತಡದು ತಿರಗಸ್ರಿ. ಬಿಸಿ ಕಾಳು ಹಾಕಿ ಒಂದ ಸವನ ತಿರಗಿಸಿದ್ರ ಎಣ್ಣಿ ಬಿಟ್ಟು ಮುದ್ದಿ ಆಗ್ತದ. ಹಸೀ ಬಳ್ಳೊಳ್ಳಿ ಹಾಕಿದ್ದು ಭಾಳ ದಿನ ಇಟ್ರ ಕಮಟ ವಾಸನಿ. ಹದಿನೈದು ದಿನಕ್ಕಾಗೋವಷ್ಟು ಮಾಡ್ರಿ ಸಾಕು.

ಗುರೆಳ್ಳು ಅಂದ್ರ ನಿಮ್ಮ ಹುಚ್ಚೆಳ್ಳು. ಅದರಾಗ ಹರಳು ಇರ್ತಾವ, ಕೇರದ ಬಿಟ್ರ ಹಲ್ಲಿಗೆ ಸಿಗ್ತಾವ. ಚಟಪಟ ಅಂದ ಕೂಡಲೇ ಇಳಸ್ರಿ, ಹೆಚ್ಚಿಗೆ ಹುರದ್ರ ಕಹಿ. ಎಣಗಾಯಿಗೆ ತುಂಬೋ ಮಸಾಲಿಗೂ ಇದ ಬೇಕು.

ಇನ್ನ ಕೆಂಪಿಂಡಿ. ಹೆಸರಿನಾಗ ಹಿಂಡಿ ಇದ್ರೂ ಇದು ಪುಡಿ ಅಲ್ಲ. ಹಣ್ಣಮೆಣಸಿನಕಾಯಿ ಜೋಡಿ ಹುಣಸಿಹಣ್ಣು, ಉಪ್ಪು, ಬೆಲ್ಲ, ಬಳ್ಳೊಳ್ಳಿ, ಹುರದ ಮೆಂತೆ ಹಾಕಿ ರುಬ್ಬೋದು. ಕಾಯಿ ತೊಳದು, ಒರಸಿ, ಆರಿದ ಮ್ಯಾಲನ ತೊಟ್ಟು ಮುರೀರಿ. ಮೊದಲ ಮುರದ್ರ ಒಳಗ ನೀರು ಹೋಗಿ ವಾರದಾಗ ಬೂರಸು ಹಿಡೀತದ. ರುಬ್ಬೂ ಮುಂದನೂ ಹನಿ ನೀರು ಮುಟ್ಟಸಬಾರದು.

ಹಿಂಡಿ ಒಣದ ತಿನ್ನೋದಲ್ಲ. ಪುಡಿಗೆ ಶೇಂಗಾಎಣ್ಣಿ ಇಲ್ಲಾ ಗಟ್ಟಿ ಮಸರು ಕಲಸ್ಕೊಳ್ರಿ. ಕೆಂಪಿಂಡಿಗೆ ಮಾತ್ರ ಎಣ್ಣಿನ ಸೈ, ಹೊಸಬರಾದ್ರ ಬೆಣ್ಣಿ ಇರಲಿ.