ಮಾತ್ರೆ ಆರಿಸುವ ಮೊದಲು ರಕ್ತಪರೀಕ್ಷೆಯ ಚೀಟಿ ನೋಡಿ

ನಿಮ್ಮ ತಂದೆಯವರ ಪ್ರಾಸ್ಟೇಟ್ ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿದ್ದು, ಐಬುಪ್ರೊಫೇನ್, ಡಿಕ್ಲೋಫಿನಾಕ್, ಸೆಲೆಕಾಕ್ಸಿಬ್ ಎಂಬ ನೋವಿನ ಮಾತ್ರೆಗಳಲ್ಲಿ ಯಾವುದು ಒಳ್ಳೆಯದೆಂದು ಕೇಳಿದ್ದೀರಿ. ನಾನು ಮುಂಬಯಿಯ ಪರೇಲ್‌ನಲ್ಲಿ ಔಷಧದ ಅಂಗಡಿ ನಡೆಸುತ್ತೇನೆ. ಟಾಟಾ ಸ್ಮಾರಕ ಆಸ್ಪತ್ರೆಗೆ ಊರಿನಿಂದ ಬರುವ ಕನ್ನಡಿಗರಿಗೆ ಚೀಟಿ ಓದಿ ವಿವರಿಸುವುದು ನನ್ನ ದಿನನಿತ್ಯದ ಕೆಲಸ.

ಮೂಳೆಯ ನೋವಿಗೆ ಈ ಮಾತ್ರೆಗಳು ಉಪಯುಕ್ತವೇ. ಗಡ್ಡೆ ಬೆಳೆದಲ್ಲಿ ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಹೆಚ್ಚಿ ನೋವು ಕೆರಳುತ್ತದೆ. ಇವು ಅದರ ಉತ್ಪತ್ತಿಯನ್ನು ತಡೆಯುತ್ತವೆ. ನೋವಿಳಿಸುವ ಶಕ್ತಿಯಲ್ಲಿ ಮೂರರ ನಡುವೆ ಹೇಳಿಕೊಳ್ಳುವಂಥ ಅಂತರವಿಲ್ಲ. ಆಯ್ಕೆ ನಿಂತಿರುವುದು ರೋಗಿಯ ಹೊಟ್ಟೆ, ಕಿಡ್ನಿ, ಹೃದಯ ಮತ್ತು ರಕ್ತದ ಸ್ಥಿತಿಯ ಮೇಲೆ. ಹುಣ್ಣು ಆಗಿದ್ದವರಿಗೆ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಕಡಿಮೆ ಇರುವವರಿಗೆ ಸೆಲೆಕಾಕ್ಸಿಬ್ ತುಸು ಮೇಲು, ಏಕೆಂದರೆ ಅದು ಹೊಟ್ಟೆಯನ್ನು ಅಷ್ಟಾಗಿ ಕೆಡಿಸುವುದಿಲ್ಲ, ಪ್ಲೇಟ್‌ಲೆಟ್‌ಗಳ ಕೆಲಸಕ್ಕೂ ಅಡ್ಡಿಯಾಗುವುದಿಲ್ಲ. ಆದರೆ ಹೃದಯಾಘಾತ ಆಗಿದ್ದವರಿಗೆ ಅದೂ ಡಿಕ್ಲೋಫಿನಾಕೂ ಬೇಡ. ಕಿಡ್ನಿಯ ಕೆಲಸ ಹೇಗಿದೆಯೆಂದು ತೋರಿಸುವ ಕ್ರಿಯಾಟಿನಿನ್ ರಕ್ತದಲ್ಲಿ ಏರಿದ್ದರೆ ಯಾವುದೂ ಕ್ಷೇಮವಲ್ಲ. ಸಿಸ್‌ಪ್ಲಾಟಿನ್ ಅಥವಾ ಮೆಥೋಟ್ರೆಕ್ಸೇಟ್ ಎಂಬ ಕೀಮೋ ಔಷಧ ನಡೆಯುತ್ತಿದ್ದರೆ ಕೀಮೋ ಕೊಡುವ ವೈದ್ಯರನ್ನು ಕೇಳದೆ ಒಂದು ಮಾತ್ರೆಯನ್ನೂ ಕೊಡಬೇಡಿ. ಡೆಕ್ಸಾಮೆಥಾಸೋನ್ ಎಂಬ ಸ್ಟೆರಾಯ್ಡ್ ಜೊತೆಗಿದ್ದರೆ ಹುಣ್ಣಿನ ಅಪಾಯ ಬಹಳ ಹೆಚ್ಚುವುದರಿಂದ, ಹೊಟ್ಟೆಯ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್‌ನಂಥ ರಕ್ಷಣೆಯ ಬಗ್ಗೆಯೂ ಅವರನ್ನೇ ವಿಚಾರಿಸಿ.

ಒಮ್ಮೆ ವಿಜಯಪುರದ ಕಡೆಯ ಯುವಕನೊಬ್ಬ ಪ್ಲಾಸ್ಟಿಕ್ ಚೀಲದಿಂದ ಮೂರು ಪಟ್ಟಿ ಮಾತ್ರೆ ತೆಗೆದು ಕೌಂಟರಿನ ಮೇಲಿಟ್ಟು, “ಒಂದರಾಗ ನೋವು ಇಳೀವಲ್ದ್ರೀ, ಅದಕ್ಕ ಮೂರೂ ಕೊಡಾಕತ್ತೀನಿ” ಎಂದ. ಒಂದು ಡಿಕ್ಲೋಫಿನಾಕ್, ಇನ್ನೊಂದು ಅಸಿಕ್ಲೋಫಿನಾಕ್, ಮತ್ತೊಂದು ಐಬುಪ್ರೊಫೇನ್. ಹೆಸರು ಮೂರಾದರೂ ಕುಲ ಒಂದೇ. ಅವನ ತಾಯಿಗೆ ಮಲ ಡಾಂಬರಿನಂತೆ ಕಪ್ಪಾಗಿತ್ತು, ಅಂದರೆ ಹೊಟ್ಟೆಯೊಳಗೆ ರಕ್ತ ಹೋಗುತ್ತಿತ್ತು. ಮಾತ್ರೆ ನಿಲ್ಲಿಸಿ ಆಗಲೇ ಆಸ್ಪತ್ರೆಗೆ ಕರೆದೊಯ್ಯಲು ಹೇಳಿದೆ.

ಆದ್ದರಿಂದ ಈ ಕುಲದಲ್ಲಿ ಒಂದೇ ಮಾತ್ರೆ ಇರಲಿ, ನೋವು ತಗ್ಗುವ ಕನಿಷ್ಠ ಪ್ರಮಾಣದಲ್ಲಿರಲಿ. ಅದು ಸಾಲದಿದ್ದರೆ ಡೋಸ್ ಏರಿಸುತ್ತ ಹೋಗುವ ಬದಲು ಮಾರ್ಫಿನ್ ಸೇರಿಸುವ ವಿಷಯ ವೈದ್ಯರಲ್ಲಿ ಕೇಳಿ. ವೈದ್ಯರ ನಿಗಾದಲ್ಲಿ ಕೊಡುವ ಮಾರ್ಫಿನ್‌ಗೆ ಹೆದರಿ ತಂದೆಯವರನ್ನು ನರಳಿಸಬೇಡಿ. ಮೂಳೆಯ ಆ ಜಾಗಕ್ಕೆ ರೇಡಿಯೇಶನ್ ಕೊಟ್ಟರೂ ಎಷ್ಟೋ ಜನರಿಗೆ ನೋವು ತಗ್ಗುತ್ತದೆ.

ಮುಂದಿನ ಭೇಟಿಗೆ ಕ್ರಿಯಾಟಿನಿನ್, ಪ್ಲೇಟ್‌ಲೆಟ್ ವರದಿ ಮತ್ತು ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಗಳನ್ನು ಕೊಂಡೊಯ್ಯಿರಿ. ಕಾಲು ಜೋಮು ಹಿಡಿದರೆ, ನಡೆಯುವಾಗ ಶಕ್ತಿ ಕುಂದಿದರೆ ಅಥವಾ ಮೂತ್ರ ಕಟ್ಟಿದರೆ ಆ ಭೇಟಿಗೆ ಕಾಯಬೇಡಿ. ಬೆನ್ನುಹುರಿಯ ಮೇಲೆ ಒತ್ತಡ ಬಿದ್ದಿರಬಹುದು, ಅದೇ ದಿನ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ.