ನರ್ಸಿಂಗ್ ಸ್ಕೂಲ್ ಸೇರೋಕ್ಕಿಂತ ಮೊದ್ಲ ಸೆಕೆಂಡ್ ಮುಳ್ಳಿರೋ ವಾಚ್ ತಗೊ

ತಮ್ಮಾ, ರಾಯಚೂರಾಗ ಆಸ್ಪತ್ರಿಗೇ ಸೇರಿದ ಸ್ಕೂಲ್‌ನ್ಯಾಗ ಜಿಎನ್‌ಎಂ (ಜನರಲ್ ನರ್ಸಿಂಗ್ ಮತ್ತ ಮಿಡ್‌ವೈಫ್ರಿ ಡಿಪ್ಲೊಮಾ) ಸೀಟ್ ಸಿಕ್ಕೈತಿ, ನಂದು ಕನ್ನಡ ಮೀಡಿಯಂ, ಯಾವ ಪುಸ್ತಕ ಓದ್ಕೊಂಡು ಹೋಗ್ಲಿ, ಬಿಎಸ್ಸಿ ನರ್ಸಿಂಗ್‌ಗಿಂತ ಈಜಿ ಇರ್ತೈತೇನು ಅಂತ ಕೇಳಿದ್ದಿ. ಗಂಗಾವತಿ ಬಸ್‌ಸ್ಟ್ಯಾಂಡ್‌ನ್ಯಾಗ ಟ್ರಂಕ್ ಮ್ಯಾಲೆ ಕುಂತು ನಾನೂ ಇದ್ನ ಯೋಚ್ನಿ ಮಾಡ್ತಿದ್ದೆ. ಕೂಡ್ಲಿಗಿ ಕಡೀ ಸೀನಿಯರ್ ಒಬ್ಬ "ಥಿಯರಿ ಕಮ್ಮಿ ಇರ್ತೈತಿ, ವಾರ್ಡ್‌ನ್ಯಾಗ ಓಡಾಡಿದ್ರ ಪಾಸ್" ಅಂತ ತಲಿ ತುಂಬಿದ್ದ. ಸುಳ್ಳು.

ಪುಸ್ತಕ ಏನೂ ಓದಬ್ಯಾಡ. ಮೊದ್ಲಿನ ಎರಡ್ಮೂರು ತಿಂಗ್ಳು ಕ್ಲಾಸು, ಗೊಂಬಿ ಮ್ಯಾಲೆ ಪ್ರಾಕ್ಟೀಸು. ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿ, ಸೈಕಾಲಜಿ, ಫೌಂಡೇಶನ್ ಎಲ್ಲಾ ಇಂಗ್ಲಿಷ್‌ನ್ಯಾಗ ಬರ್ತಾವ, ಆರು ತಿಂಗ್ಳಾಗ ಕನ್ನಡ ಮೀಡಿಯಂ ಹುಡುಗ್ರಿಗೂ ಹತ್ತತೈತಿ. ಇಂಜೆಕ್ಷನ್ ಮಾಡೋಕ ಕೈ ತುರಸ್ತಿರ್ತಾವ, ಆದ್ರ ನಿಂಗ ಕೊಡೋದು ಬೆಡ್‌ಶೀಟ್. ಮೂಲಿ ಮಡಚೋದು ಸರಿ ಬರಲಿಲ್ಲಂದ್ರ ಟ್ಯೂಟರ್ ಕಿತ್ತು ಒಗದು ಮತ್ತ ಹಾಕಿಸ್ತಾರ. ಬೆಡ್‌ಪ್ಯಾನ್, ಸ್ಪಂಜ್ ಬಾತ್, ಲಾಕರ್ ಒರಸೋದು. ಆಮ್ಯಾಲೆ ಟಿಪಿಆರ್, ಅಂದ್ರ ಟೆಂಪರೇಚರ್, ಪಲ್ಸ್, ರೆಸ್ಪಿರೇಶನ್. ಇದೊಂದನ್ನ ಉದ್ದ ಹೇಳ್ತೀನಿ, ಯಾಕಂದ್ರ ನಾ ಹಾಳಾಗಿದ್ದು ಇಲ್ಲೇ.

ಸೆಕೆಂಡ್ ಇಯರ್, ಮೇಲ್ ಮೆಡಿಕಲ್ ವಾರ್ಡ್, ನೈಟ್ ಡ್ಯೂಟಿ. ಆಸ್ಪತ್ರಿ ಹೆಸರು ಬ್ಯಾಡ. 32 ಮಂಚ. ನನ್ನ ಜೋಡಿ ಹುಡುಗ ಕೊಪ್ಪಳದ ಗವಿಮಠದ ಜಾತ್ರಿಗೆ ಹೋಗಿದ್ದ, ನಾನೊಬ್ನ. 14ನೇ ಮಂಚದಾಗ ಸಿಂಧನೂರು ಕಡೀ ರೈತ, ಮೆಣಸಿನಗಿಡಕ್ಕ ಎಣ್ಣಿ, ಅಂದ್ರ ಕೀಟನಾಶಕ, ಹೊಡಿಯೋವಾಗ ಬಾಯಿಗೆ ಅರಬಿ ಸುದ್ದಾ ಕಟ್ಟಿರಲಿಲ್ಲ, ವಾಂತಿ, ಜೊಲ್ಲು, ಬೆವರು, ಹಂಗ ಹೊತ್ಕೊಂಡು ಬಂದಿದ್ರು. ಆ ವಿಷಕ್ಕ ಕೊಡೋ ಔಷಧ ಅಟ್ರೋಪಿನ್ ನಡದಿತ್ತು. ಅಟ್ರೋಪಿನ್ ಮ್ಯಾಲೆ ಇದ್ದವ್ರ ಪಲ್ಸ್ ಎಷ್ಟೈತಿ, ಕಣ್ಣಿನ ಪಾಪೆ ಎಷ್ಟು ಅಗಲಾಗೈತಿ, ಎದಿಯೊಳಗ ಗೊರಗೊರ ಸಪ್ಪಳ ಐತೇನು ನೋಡಿ ಡಾಕ್ಟ್ರು ಡೋಸ್ ಏರಿಸ್ತಾರ, ಇಳಿಸ್ತಾರ. ಅಂದ್ರ ನಾ ಬರಿಯೋ ನಂಬರ್ ನೋಡಿ ಔಷಧ ಹೋಗ್ತೈತಿ, ಇದು ನಂಗ ಕ್ಲಾಸ್‌ನ್ಯಾಗ ಹೇಳಿದ್ರು, ಪರೀಕ್ಷಾದಾಗ ಬರದು ಮಾರ್ಕ್ಸೂ ತಗೊಂಡಿದ್ದೆ.

ಎರಡೂವರಿಗೆ ಸೈಡ್ ರೂಮ್‌ನ್ಯಾಗ ಸ್ಟೂಲ್ ಮ್ಯಾಲೆ ಕುಂತು ಗ್ವಾಡಿಗೆ ತಲಿ ಆನಿಸಿದೆ. ಎಚ್ಚರಾದಾಗ ಆರೂವರಿ. ಲೆಕ್ಕ ನೋಡು, ಕಂಕಳದಾಗ ಥರ್ಮಾಮೀಟರ್ 3 ನಿಮಿಷ, ಅದು ಇರೋವಾಗ್ಲೇ ಪಲ್ಸ್ 1 ನಿಮಿಷ, ಉಸಿರು 1 ನಿಮಿಷ ಎಣಿಸಿಬಿಡಬೌದು, 32 ಮಂಚಕ್ಕ 96 ನಿಮಿಷ ಆತು. ಐದಕ್ಕ ಎದ್ದಿದ್ರ ಎಂಟರ ಹ್ಯಾಂಡೋವರ್‌ಗೆ ಆರಾಮ ಮುಗೀತಿತ್ತು. ಆರೂವರಿಗೂ ಓಡಾಡಿ ಬಾಳಷ್ಟು ಮುಗಿಸಬೌದಿತ್ತು, ಅದ ನನ್ನ ಹೊಟ್ಟಿ ಉರಿಸೋದು. ನಾ ಏನ್ ಮಾಡ್ದೆ, ವಾರ್ಡ್‌ನ ಟಿಪಿಆರ್ ಬುಕ್ ತೊಡಿ ಮ್ಯಾಲೆ ಇಟ್ಕೊಂಡು ಹಿಂದಿನ ದಿನದ ನಂಬರ್ ನೋಡ್ಕೊಂತ 98.4, 78, 18, ಮುಂದಿನವ್ಗ 98.6, 82, 20, ಅನುಮಾನ ಬರಬಾರ್ದಂತ ಒಂದೊಂದು ಹೆಚ್ಚು ಕಮ್ಮಿ ಮಾಡಿ ಹತ್ತು ನಿಮಿಷದಾಗ 32 ಮಂಚ ಮುಗಿಸಿಬಿಟ್ಟೆ. 14ಕ್ಕ 98.4, 96, 18.

14ನೇ ಮಂಚದಾಗ ಯಾರೂ ಇರಲಿಲ್ಲ. ಮೂರೂವರಿಗೆ ಆ ರೈತಗ ಕುತ್ತಿಗಿ ಎತ್ತೋಕ ಆಗವಲ್ದು, ಉಸಿರು ಸಣ್ಣಾತು ಅಂತ ಸ್ಟಾಫ್ ಸಿಸ್ಟರ್ ಮತ್ತ ವಾರ್ಡ್ ಬಾಯ್ ಸೇರಿ ಐಸಿಯುಗೆ ಒಯ್ದಿದ್ರು, ನಾ ಗೊರಕಿ ಹೊಡಿತಿದ್ದೆ.

ಇನ್‌ಚಾರ್ಜ್ ಸಿಸ್ಟರ್ ಒದರಲಿಲ್ಲ. ಬುಕ್ ಹಿಡ್ಕೊಂಡು ನನ್ನ 14ರ ಹತ್ರ ಕರ್ಕೊಂಡು ಹೋದ್ರು. ಶೀಟ್ ಇರಲಿಲ್ಲ, ಕೆಂಪು ಮ್ಯಾಕಿಂಟಾಶ್ (ಶೀಟ್ ಕೆಳಗ ಹಾಸೋ ರಬ್ಬರ್) ಒಂದ ಬಿದ್ದಿತ್ತು, ಅದರ ಮ್ಯಾಲೆ ಒಂದು ಹತ್ತಿ ಉಂಡಿ. "ಎಣಸಪಾ, ನಾನೂ ನೋಡ್ತೀನಿ, 96 ಬರ್ತೈತೇನು" ಅಂದ್ರು. ಬಾಜು ಮಂಚದ ಮುದುಕ ಮಕಾ ಆ ಕಡಿ ಹೊಳ್ಳಿಸಿಕೊಂಡ. ರೈತ ಬದುಕಿದ, ಹನ್ನೊಂದು ದಿನಕ್ಕ ಮನಿಗೆ ಹೋದ, ಅದು ನನ್ನಿಂದ ಅಲ್ಲ.

ಆ ಪೋಸ್ಟಿಂಗ್ ಪೂರಾ ಕ್ಯಾನ್ಸಲ್ ಮಾಡಿದ್ರು. ಪ್ರಾಕ್ಟಿಕಲ್ ತಾಸು ಪೂರ್ತಿ ಮುಗೀದ ಕೋರ್ಸ್ ಮುಗಿಯಂಗಿಲ್ಲ, ಫೈನಲ್ ಪರೀಕ್ಷಾ ಆದ ಮ್ಯಾಲೆ ಎಲ್ಲಾರೂ ಟ್ರಂಕ್ ಕಟ್ಟಿದ್ರು, ನಾ ಒಬ್ನ ಜೂನಿಯರ್ ಹುಡುಗ್ರ ಕೂಡ ಅದ ವಾರ್ಡ್‌ನ್ಯಾಗ ನೈಟ್ ಮಾಡ್ದೆ. ಸರ್ಟಿಫಿಕೇಟ್ ತಡ, ಅದು ತಡ ಅಂತ ನರ್ಸಿಂಗ್ ಕೌನ್ಸಿಲ್ ರಿಜಿಸ್ಟ್ರೇಶನ್ ತಡ, ರಿಜಿಸ್ಟ್ರೇಶನ್ ನಂಬರ್ ಇಲ್ದ ಸರ್ಕಾರಿ ಸ್ಟಾಫ್ ನರ್ಸ್ ಅರ್ಜಿ ಹಾಕೋಕ ಬರಲಿಲ್ಲ, ಲಾಸ್ಟ್ ಡೇಟ್ ದಾಟ್ತು. ಅದಾದ ಮ್ಯಾಲೆ ನಾಕು ವರ್ಷ ಒಂದು ಸಣ್ಣ ನರ್ಸಿಂಗ್ ಹೋಮ್‌ನ್ಯಾಗ ಒಂಬತ್ತು ಸಾವಿರಕ್ಕ ದುಡದೆ. ಹತ್ತು ನಿಮಿಷದ ಬರವಣಿಗಿ.

ಈಗ ನಿನ್ನ ಪ್ರಶ್ನಿ. ಬಿಎಸ್ಸಿ 4 ವರ್ಷ, ಜಿಎನ್‌ಎಂ 3 ವರ್ಷ, ಆಮ್ಯಾಲೆ ಬೇಕಂದ್ರ 2 ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡಬೌದು. ರೊಕ್ಕ ಇದ್ದು ಬಿಎಸ್ಸಿ ಸೀಟ್ ಸಿಕ್ಕ್ರ ಅದಕ್ಕ ಹೋಗು, ಮುಗೀತು. ಈಜಿ ಯಾವ್ದು ಅನ್ನೋ ಮಾತ ಬ್ಯಾಡ, ರಾತ್ರಿ ಮೂರಕ್ಕ ಎರಡೂ ಒಂದ. ಸ್ಕೂಲ್ ಬಿಲ್ಡಿಂಗ್ ನೋಡಿ ಮರುಳಾಗಬ್ಯಾಡ, ಸೋಮವಾರ ಬೆಳಿಗ್ಗೆ ಹತ್ತಕ್ಕ ಆಸ್ಪತ್ರಿ ಒಳಗ ಹೋಗಿ ಎಷ್ಟು ಮಂಚ ತುಂಬ್ಯಾವ ಎಣಸ್ಕೊಂಡು ಬಾ. ಕಾಗದದ ಮ್ಯಾಲೆ ನೂರು ಬೆಡ್ ಇದ್ದು ಒಳಗ ಇಪ್ಪತ್ತು ಪೇಷಂಟ್ ಇದ್ರ ನೀ ಏನ್ ಕಲೀತಿ, ಫೀ ಕಟ್ಟಬ್ಯಾಡ.

ಪಲ್ಸ್, ಉಸಿರು ಎಣಿಸೋಕ ವಾಚ್ ಸೆಕೆಂಡ್ ಮುಳ್ಳಿಂದ ಇರ್ಲಿ. ಹೆಪಟೈಟಿಸ್ ಬಿ ಲಸಿಕಿ ಈಗ್ಲೇ ಶುರು ಮಾಡು, ಮೂರು ಡೋಸು, 0, 1, 6 ತಿಂಗ್ಳಿಗೆ. ಸೂಜಿಗೆ ಎರಡೂ ಕೈ ಹಚ್ಚಿ ಕ್ಯಾಪ್ ಹಾಕೋ ಚಟ ಬ್ಯಾಡ, ಚುಚ್ಚಿದ್ರ ಬೈತಾರಂತ ಮುಚ್ಚಿಡಬ್ಯಾಡ, ಆಗಿಂದಾಗ ಹೇಳು, ಎಚ್‌ಐವಿ ಬರದಂಗ ಕೊಡೋ ಗುಳಿಗಿ 72 ತಾಸಿನೊಳಗ ಶುರುವಾಗಬೇಕು, ಎಷ್ಟು ಲಗೂನ ಅಷ್ಟು ಚಲೋ. ಗುಣಾಕಾರ ಭಾಗಾಕಾರ ತಿದ್ದಿಕೊ, 500 ಎಂಎಲ್ ಡ್ರಿಪ್ 4 ತಾಸಿನ್ಯಾಗ ಹೋಗಬೇಕು, ಸೆಟ್ ಒಂದು ಎಂಎಲ್‌ಗೆ 20 ಹನಿದು ಅಂದ್ರ ನಿಮಿಷಕ್ಕ 42 ಹನಿ, ಇಷ್ಟು ಬಾಯಿಲೆಕ್ಕ ಬರಬೇಕು. ನಮ್ಮ ಕಲ್ಯಾಣ ಕರ್ನಾಟಕದವ್ರ ಮೀಸಲಾತಿಗೆ ಬೇಕಾಗೋ 371ಜೆ ಸರ್ಟಿಫಿಕೇಟ್ ಮಾಡಿಸಿಟ್ಕೊ.

ಗಂಡು ಹುಡುಗ ನರ್ಸ್ ಅಂದ್ರ ಊರಾಗ ನಗ್ತಾರ ಅಂತ ಕಡೀಕ ಬರ್ದಿದ್ದಿ. ನಗ್ತಾರ, ಖರೆ. ನಮ್ಮ ದೊಡ್ಡಪ್ಪ "ಕಂಪೌಂಡರ್" ಅಂತಿದ್ದ. ಹೋದ ವರ್ಷ ಅವ್ನಿಗೆ ಕ್ಯಾಥೆಟರ್ ಹಾಕಿದಾಗ ಹೆಣ್ಮಕ್ಳು ಬ್ಯಾಡ, ನಮ್ಮ ಹುಡುಗ್ನ್ನ ಕರೀರಿ ಅಂತ ಹಠ ಹಿಡದ.