ಫ್ರೇಸರ್‌ಪೇಟೆ ಯಾವುದು, ಕುಶಾಲನಗರ ಯಾವುದು?

ನಾಪೋಕ್ಲು ಕಡೆಯ ನಿವೃತ್ತ ಮೇಷ್ಟ್ರೊಬ್ರು ಬರೆದಿದ್ದಾರೆ: "ಹೋದ ಸಂಚಿಕೆಯ ನೆನಪಿನ ಲೇಖನದಲ್ಲಿ ಮಿದುಳಿನ ಒಂದು ಜಾಗಕ್ಕೆ ಇಲಿಯಲ್ಲಾದ್ರೆ ಪೋಸ್ಟ್‌ರೈನಲ್, ಕೋತಿ ಮನುಷ್ಯರಲ್ಲಾದ್ರೆ ಪ್ಯಾರಾಹಿಪೊಕ್ಯಾಂಪಲ್ ಅಂತ ಬರೆದು, ಎರಡೂ ಒಂದೇ ಅಂತಾನೂ ಹೇಳಿದ್ದೀರಿ. ಗೊಂದಲ ಆಯ್ತು. ಆದರೂ ಇಲಿಗೊಂದು ನಮಗೊಂದು ಹೆಸರು ಇರೋದೇ ಸರಿ ಅನ್ಸುತ್ತೆ. ಆನೆಗೂ ಇದು ಇರುತ್ತಾ?"

ಮೇಷ್ಟ್ರೇ, ಇಷ್ಟು ಗಮನ ಕೊಟ್ಟು ಓದೋರು ಇದ್ದಾರಲ್ಲ ಅಂತ ಖುಷಿ ಆಯ್ತು, ಆದ್ರೆ ಎರಡು ಹೆಸರು ಇರೋದೇ ಸರಿ ಅನ್ನೋ ಮಾತನ್ನ ಒಪ್ಪೋಕಾಗಲ್ಲ.

ಬೇರೆ ಹೆಸರು ಇಟ್ಟೋರಿಗೂ ಕಾರಣ ಇದೆ. ಇಲಿ ಮಿದುಳು ನುಣ್ಣಗಿರುತ್ತೆ, ನಮ್ಮ ಹಾಗೆ ಮಡಿಕೆ ಇಲ್ಲ, ಕಿವಿ ಪಕ್ಕಕ್ಕೆ ಚಾಚಿರೋ ಟೆಂಪೊರಲ್ ಲೋಬ್ ಅನ್ನೋದೂ ಇಲ್ಲ. ಪಕ್ಕದಲ್ಲಿ ರೈನಲ್ ಅನ್ನೋ ಒಂದು ಗೆರೆ, ಅದರ ಹಿಂದಿನ ತುದಿ ಹತ್ರ ಇರೋದು ಪೋಸ್ಟ್‌ರೈನಲ್. ಸರಿ, ಎಚ್ಚರಿಕೆ ಒಳ್ಳೇದೇ.

ಆದ್ರೆ 1995ರಲ್ಲೇ ಬರ್ವೆಲ್, ವಿಟ್ಟರ್, ಅಮರಾಲ್ ಅನ್ನೋ ಮೂವರು ವಿಜ್ಞಾನಿಗಳು ಯಾವ ನರ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತೆ ಅಂತ ನೋಡಿ, ಇಲಿಯ ಈ ಜಾಗ ಕೋತಿಯ ಪ್ಯಾರಾಹಿಪೊಕ್ಯಾಂಪಲ್‌ಗೆ ಸಮ ಅಂತ ವಾದ ಮಾಡಿದ್ರು. ಪಕ್ಕದ ಮನೆ ನೋಡಿ, ಪೆರಿರೈನಲ್. ವಸ್ತುಗಳ ಗುರುತು ಹಿಡಿಯೋಕೆ ಬೇಕಾದ ಜಾಗ ಅದು, ಮಿದುಳಿನ ನಕ್ಷೆ ಮಾಡಿದ ಬ್ರಾಡ್‌ಮನ್ ಅದಕ್ಕೆ 35, 36 ಅಂತ ನಂಬರ್ ಕೊಟ್ಟಿದ್ದ. ಮನುಷ್ಯನಲ್ಲಿ ಅದು ಬಹುಪಾಲು ಬೇರೆ ಗೆರೆಯ ಪಕ್ಕ ಇರೋದು, ಆದ್ರೂ ಇಲಿಗೂ ನಮಗೂ ಹೆಸರು ಪೆರಿರೈನಲ್ಲೇ! ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಅನ್ನೋ ಭಾಗ ಇನ್ನೂ ದೂರ ಹೋಗಿದೆ, ಇಲಿಯಲ್ಲಿ ಮೇಲೆ ಬೆನ್ನಿನ ಕಡೆ ಬಾಗಿ ಕೂತಿರುತ್ತೆ, ನಮ್ಮಲ್ಲಿ ಟೆಂಪೊರಲ್ ಲೋಬಿನ ಒಳಗೆ ಕೆಳಗೆ. ಇಟಲಿಯ ಅರಾಂಟ್ಜಿ ಮನುಷ್ಯನ ಮಿದುಳಲ್ಲಿ ಕಂಡು ಕಡಲ ಕುದುರೆ ಹಾಗಿದೆ ಅಂದಿದ್ದು, 1587ರ ಪುಸ್ತಕದಲ್ಲಿದೆ, ಆ ಹೆಸರನ್ನ ಇವತ್ತು ಇಲಿಗೂ ಹಕ್ಕಿಗೂ ಹೇಳ್ತಾರೆ. ಹಾಗಿರೋವಾಗ ಈ ಒಂದು ಜಾಗಕ್ಕೆ ಮಾತ್ರ ಯಾಕೆ ಬೇಲಿ?

ಬೇಲಿ ಅಂದೆ, ಯಾಕಂದ್ರೆ ಇದಕ್ಕೆ ಹಳೇ ಕಥೆ ಇದೆ. 1857ರಲ್ಲಿ ಇಂಗ್ಲೆಂಡಿನ ರಿಚರ್ಡ್ ಓವೆನ್, ಹಿಪೊಕ್ಯಾಂಪಸ್ ಮೈನರ್ ಅನ್ನೋ ಸಣ್ಣ ಉಬ್ಬು ಮನುಷ್ಯನಿಗೆ ಮಾತ್ರ ಇರೋದು ಅಂತ ಹೇಳಿ ನಮ್ಮನ್ನ ಬೇರೇನೇ ಗುಂಪಿಗೆ ಹಾಕಿಬಿಟ್ಟ. ಡಾರ್ವಿನ್ ಪರ ವಾದ ಮಾಡ್ತಿದ್ದ ವಿಜ್ಞಾನಿ ಹಕ್ಸ್‌ಲಿ ಬಿಡಲಿಲ್ಲ, ವಾನರಗಳಲ್ಲೂ ಅದಿದೆ ಅಂತ ತೋರಿಸಿ ವರ್ಷಗಟ್ಟಲೆ ಜಗಳ ಆಡಿದ. ಇಲಿಗೊಂದು ನಮಗೊಂದು ಅಂತ ನೀವು ಬರೆದಾಗ ನನಗೆ ಆ ಓವೆನ್ನೇ ನೆನಪಾಗಿದ್ದು, ಬೇಜಾರ್ ಮಾಡ್ಕೋಬೇಡಿ. ಹೆಸರು ಬದಲಾಯಿಸೋಕಾಗಲ್ಲ ಅಂತಾನೂ ಇಲ್ಲ, 2004ರಲ್ಲಿ ವಿಜ್ಞಾನಿಗಳೆಲ್ಲ ಸೇರಿ ಹಕ್ಕಿ ಮಿದುಳಿನ ತಪ್ಪು ಹೆಸರುಗಳನ್ನ ಸಾರಾಸಗಟಾಗಿ ಬದಲಾಯಿಸಿಲ್ವಾ?

ನಾನು ಸಣ್ಣೋನಿದ್ದಾಗ ಅಜ್ಜ ಸಂತೆಗೆ ಫ್ರೇಸರ್‌ಪೇಟೆಗೆ ಹೋಗ್ತೀನಿ ಅನ್ನೋರು, ಸ್ಕೂಲಲ್ಲಿ ಕುಶಾಲನಗರ ಅಂತ ಹೇಳ್ಕೊಡೋರು. ಎರಡು ಊರು ಅಂತಾನೇ ತುಂಬಾ ದಿನ ಅಂದ್ಕೊಂಡಿದ್ದೆ. ಒಂದಿನ ಅಜ್ಜನ ಜೊತೆ ಬಸ್ಸಲ್ಲಿ ಹೋಗಿ ಇಳಿದಾಗ, ಇದೇನಜ್ಜ ಕುಶಾಲನಗರಕ್ಕೆ ಬಂದ್ಬಿಟ್ವಲ್ಲ, ಫ್ರೇಸರ್‌ಪೇಟೆ ಯಾವಾಗ ಬರುತ್ತೆ ಅಂತ ಕೇಳಿದ್ದೆ. ಪೋಸ್ಟ್‌ರೈನಲ್ ಒಂದು ಕಡೆ, ಪ್ಯಾರಾಹಿಪೊಕ್ಯಾಂಪಲ್ ಇನ್ನೊಂದು ಕಡೆ ಓದೋ ಮಕ್ಕಳಿಗೂ ಇದೇ ಆಗೋದು. ಇಲಿ ಮೇಲೆ ಮಾಡಿದ ಕೆಲಸ ನಮ್ಮ ಮಿದುಳಿನ ಯಾವ ಜಾಗದ್ದು ಅಂತಾನೇ ಗೊತ್ತಾಗಲ್ಲ.

ಕನ್ನಡದಲ್ಲಂತೂ ಪಾಡು ಕೇಳಬೇಡಿ. ಟೆಂಪೊರಲ್ ಲೋಬನ್ನ ಎಷ್ಟೋ ಕಡೆ 'ತಾತ್ಕಾಲಿಕ ಹಾಲೆ' ಅಂತ ಹಾಕ್ತಾರೆ, ಸ್ವಲ್ಪ ದಿನ ಇದ್ದು ಹೋಗೋದು ಅನ್ನೋ ಹಾಗೆ! ಕನ್ನಡಕದ ಕಾಲು ತಾಗೋ ಜಾಗದ ಒಳಗಿರೋದು ಅಂತ ಒಂದು ಮಾತು ಹೇಳಿದ್ರೆ ಮಗುಗೂ ತಿಳಿಯುತ್ತೆ. ಯಾರೂ ಒಂದ್ಸಲ ತಲೆ ಮುಟ್ಟಿ ನೋಡ್ಕೊಂಡು ಬರೆಯಲ್ಲ, ಅದೇ ನನ್ನ ಸಂಕಟ. ಊರಿನ ಹೆಸರಿಗೂ ಇದೇ ಗತಿ, ರೆಸಾರ್ಟ್ ಬೋರ್ಡ್ ತುಂಬಾ ಕೂರ್ಗ್, ಹುಡುಕಿದ್ರೂ ಕೊಡಗು ಸಿಗಲ್ಲ.

ಇನ್ನು ನಿಮ್ಮ ಆನೆ ಪ್ರಶ್ನೆ. ಅದರ ಮಿದುಳು 4 ಕೆ.ಜಿ.ಗೂ ಜಾಸ್ತಿ, ಟೆಂಪೊರಲ್ ಲೋಬು ಎರಡೂ ಪಕ್ಕಕ್ಕೆ ಉಬ್ಬಿ ನಿಂತಿರುತ್ತೆ, ಒಳಗಿರೋದಕ್ಕೆ ಹಿಪೊಕ್ಯಾಂಪಸ್ ಅಂತಾನೇ ಹೆಸರು. ನಮ್ಮಲ್ಲಿ ಪ್ಯಾರಾಹಿಪೊಕ್ಯಾಂಪಲ್‌ನ ಒಂದು ಭಾಗ, ಮನೆ ಬೆಟ್ಟ ದಾರಿ ಇಂಥ ಜಾಗದ ಚಿತ್ರ ಕಂಡ್ರೆ ಚುರುಕಾಗುತ್ತೆ ಅಂತ 1998ರಲ್ಲೇ ಎಪ್‌ಸ್ಟೀನ್, ಕ್ಯಾನ್‌ವಿಷರ್ ತೋರಿಸಿದ್ದಾರೆ. ಹಲಸಿನ ಕಾಲಕ್ಕೆ ಸರಿಯಾಗಿ ಅದೇ ಕಂಡಿಯಲ್ಲಿ ನುಗ್ಗಿ ಅದೇ ಮರಕ್ಕೆ ಬರುತ್ತಲ್ಲ, ಆ ಆನೆ ತಲೆಯೊಳಗಿನ ಜಾಗಕ್ಕೆ ಮೂರನೇ ಹೆಸರೊಂದು ಹುಡುಕೋದು ಬೇಡ ಮೇಷ್ಟ್ರೇ. ಮುಂದಿನ ಸಂಚಿಕೆಯಿಂದ ನಾವಂತೂ ಇಲಿಗೂ ಪ್ಯಾರಾಹಿಪೊಕ್ಯಾಂಪಲ್ ಅಂತಾನೇ ಬರೀತೀವಿ, ಪಕ್ಕದಲ್ಲಿ ಹಳೇ ಹೆಸರನ್ನ ಒಂದ್ಸಲ ಹೇಳಿರ್ತೀವಿ.